ಗಾಳಿಯಿಲ್ಲದ ಜಾಗ

“ಮುಖ ಹೇಳೇ, ಮುಖ! ಅವಳ ಬಟ್ಟೆ ಕಟ್ಕೊಂಡು ನನಗೇನಾಗ್ಬೇಕು?”

“ಹೇಳ್ತೀನಿ ಇರ್ರೀ, ಒಳ್ಳೆ ಅವಸರ ನಿಮ್ಮದು,” ಎನ್ನುತ್ತ ಅವಳು ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕ್ಕಿಂಗ್ ಮೇಜಿನ ಮುಂದೆ ನಿಂತು ವರ್ಷಗಟ್ಟಲೆ ಅಂಗಿಗಳ ತಪ್ಪು ಹೊಲಿಗೆ ಹುಡುಕಿದವಳು. ಕಣ್ಣು ಮೊದಲು ಬಟ್ಟೆಯ ಮೇಲೆ ಹೋದರೆ ಅವಳಾದರೂ ಏನು ಮಾಡಿಯಾಳು! ಆಕಾಶನೌಕೆಯ ಕ್ಯಾಪ್ಟನ್ ಹೆಂಗಸು ತೆರೆಯ ಮೇಲೆ ಬಂದು ನಿಂತಾಗ ಇವಳಿಗೆ ಕಂಡದ್ದು, ಕಾಲರ್ ಒಂದು ಪಕ್ಕಕ್ಕೆ ಎಳೆದುಕೊಂಡಿರುವುದು.

“ಮುಖ ಬಾಡಿದೆ. ನಿದ್ದೆ ಮಾಡಿದ ಹಾಗಿಲ್ಲ. ಕೈಕಟ್ಕೊಂಡು ಕಿಟಕಿ ಹತ್ರ ನಿಂತಿದಾಳೆ.”

“ಹಾಗಾದ್ರೆ ತಾತ ಇನ್ನೂ ಸಿಕ್ಕಿಲ್ಲ,” ಎಂದು ಗಂಡ ಮಂಚದ ಅಂಚಿಗೆ ಸರಿದು ಕೂತ.

‘ಕೊನೆಯ ಕಕ್ಷೆ’ ಎಂಬ ಆ ಧಾರಾವಾಹಿಯ ಹುಚ್ಚು ಅವನಿಗೆ ಇಂದು ನಿನ್ನೆಯದಲ್ಲ. ದಿನವಿಡೀ ಲೇತ್ ಮುಂದೆ ನಿಂತು ಕಬ್ಬಿಣ ಕಡೆದು ಬಂದವನು ಕೈಗೆ ಅಂಟಿದ ಎಣ್ಣೆ ಜಿಡ್ಡನ್ನೂ ಸರಿಯಾಗಿ ತೊಳೆಯದೆ ಟೀವಿ ಮುಂದೆ ಕೂರುತ್ತಿದ್ದ. ಅದರಲ್ಲೂ ಅಲ್ಲಿ ಎಲ್ಲರೂ ತಾತ ಎಂದು ಕರೆಯುವ ನೌಕೆಯ ಮುದಿ ಮೆಕ್ಯಾನಿಕ್ಕನನ್ನು ಕಂಡರೆ ಇವನಿಗೆ ಪ್ರಾಣ. ಅವಳಿಗೋ ಅದರ ತಲೆಬುಡ ತಿಳಿಯದು. ಹೊರಗೆ ಹೋಗುವಾಗೆಲ್ಲ ಆ ದಪ್ಪ ಹೆಲ್ಮೆಟ್ ಯಾಕೆ, ಸೆಕೆಯಾಗುವುದಿಲ್ಲವೇ ಎಂದು ಒಮ್ಮೆ ಬಾಯಿ ತಪ್ಪಿ ಕೇಳಿ ಇಡೀ ಸಂಜೆ ಉಪದೇಶ ಕೇಳಿಸಿಕೊಂಡಿದ್ದಳು. “ಅಲ್ಲಿ ಗಾಳಿ ಅನ್ನೋದೇ ಇಲ್ಲ ಕಣೇ. ಹೆಲ್ಮೆಟ್ ತೆಗೆದ್ರೆ ಕಥೆ ಮುಗೀತು.” ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು.

ಕಳೆದ ಸೀಸನ್ನಿನ ಕೊನೆಯಲ್ಲಿ ತಾತ ನೌಕೆಯ ಹೊರಮೈ ರಿಪೇರಿಗೆ ಹೋಗಿದ್ದ. ಸೊಂಟಕ್ಕೆ ಕಟ್ಟಿದ್ದ ಹಗ್ಗ ತುಂಡಾಗಿ ಕತ್ತಲೆಯಲ್ಲಿ ತೇಲಿಹೋಗಿದ್ದ. ಅಲ್ಲಿಗೆ ನಿಲ್ಲಿಸಿಬಿಟ್ಟಿದ್ದರು ಪುಣ್ಯಾತ್ಮರು. ಮುಂದೇನಾಯಿತೆಂದು ಕಾಯುತ್ತಿರುವಾಗಲೇ ಇವನ ಕಣ್ಣು ಹೋದವು. ಸಕ್ಕರೆ ಕಾಯಿಲೆ ಒಳಗೊಳಗೇ ತಿಂದುಹಾಕಿತ್ತು. ಎರಡನೆಯ ಆಪರೇಷನ್ನೂ ಆದಮೇಲೆ ಡಾಕ್ಟರು ಕೈಚೆಲ್ಲಿದರು. ಆಸ್ಪತ್ರೆಯವರು ಒಂದು ಬಿಳಿ ಕೋಲು ಕೊಟ್ಟು, ಅದನ್ನು ಹಿಡಿದು ನಡೆಯುವುದು ಕಲಿಸುತ್ತೇವೆ, ಬಾ ಎಂದರು. ಕೋಲು ಬಂದ ದಿನದಿಂದ ಬಾಗಿಲ ಹಿಂದೆ ಹಾಗೇ ನಿಂತಿದೆ, ಮೇಲಿನ ಪ್ಲಾಸ್ಟಿಕ್ ಕವರನ್ನೂ ಯಾರೂ ಬಿಚ್ಚಿಲ್ಲ. ಅವನು ಹೊಸಿಲು ದಾಟುವುದನ್ನೇ ಬಿಟ್ಟ. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದ. ಬೈದಳು, ಕಾಡಿದಳು, ಅತ್ತಳು. ಒಂದು ದಿನ ಅವನೆಂದ: “ತಾತ ವಾಪಸ್ ಬರಲಿ. ಆಗ ನಾನೂ ಹೊರಗೆ ಬರ್ತೀನಿ.”

ತಮಾಷೆಯೆಂದು ಅವಳು ನಕ್ಕಳು. ಅವನು ನಗಲಿಲ್ಲ. ಅಂದಿನಿಂದ, ಹೊಸ ಸೀಸನ್ ಶುರುವಾಗುವ ಈ ಭಾನುವಾರದ ಸಂಜೆಗೆ ಅವನಿಗಿಂತ ಹೆಚ್ಚಾಗಿ ಅವಳೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು.

ಮೊದಲರ್ಧ ಅವಳಿಗೆ ಕೆಲಸವೇ ಬೀಳಲಿಲ್ಲ. ಬಾಯಿ ತೆರೆದವರೆಲ್ಲರ ಗುರುತೂ ಅವನಿಗೆ ದನಿಯಲ್ಲೇ ಹತ್ತುತ್ತಿತ್ತು. “ಎರಡನೇ ಇಂಜಿನ್ ಕೆಟ್ಟಿದೆ ಕಣೇ, ಸದ್ದು ಕೇಳು, ಬೇರಿಂಗ್ ಹೋದ ಲೇತ್ ಥರಾನೇ,” ಎಂದು ತೊಡೆ ತಟ್ಟಿದ. ಎಷ್ಟು ತಿಂಗಳಾಗಿತ್ತು ಆ ಮುಖದಲ್ಲಿ ಕಳೆ ಕಂಡು! ನೌಕೆಯ ಹುಡುಗಿಯೊಬ್ಬಳು ಸಣ್ಣ ದೋಣಿಯಂಥದ್ದನ್ನು ತೆಗೆದುಕೊಂಡು ತಾತನನ್ನು ಹುಡುಕಲು ಹೊರಟಳು. ಮಾತು ನಿಂತಿತು. ಹುಡುಗಿಯ ಉಸಿರಾಟದ ಸದ್ದು ಮಾತ್ರ ಕೋಣೆಯನ್ನು ತುಂಬಿತು.

“ಈಗ ಹೇಳು,” ಎಂದು ಅವನು ಅವಳ ಮೊಣಕೈ ಹಿಡಿದ.

“ದೂರದಲ್ಲಿ ಬೆಳ್ಳಗೆ ಏನೋ ತೇಲ್ತಾ ಇದೆ. ತಾತ! ತಾತನೇ ಕಣ್ರೀ! ಹತ್ರ ಹೋದ್ಳು. ಕೈ ಹಿಡ್ಕೊಂಡ್ಳು.”

“ಮುಖ?”

ಮುಖ ಕಂಡಿತು. ಹೆಲ್ಮೆಟ್ಟಿನ ಗಾಜಿನ ಒಳಗೆಲ್ಲ ಮಂಜು ಕಟ್ಟಿತ್ತು. ಅದರ ಹಿಂದೆ ಮುದುಕನ ಕಣ್ಣು ತೆರೆದೇ ಇದ್ದವು, ಅವು ಯಾವುದನ್ನೂ ನೋಡುತ್ತಿರಲಿಲ್ಲ. ಹುಡುಗಿ ತನ್ನ ಹಣೆಯನ್ನು ಆ ಗಾಜಿಗೆ ಒತ್ತಿ ಸದ್ದಿಲ್ಲದೆ ಅಳತೊಡಗಿದಳು. ಚೆಕ್ಕಿಂಗ್ ಮೇಜಿನ ಮೇಲೆ ಒಂದೇ ಒಂದು ತಪ್ಪು ಹೊಲಿಗೆಯನ್ನೂ ದಾಟಿಸದವಳು ಟೀವಿಯಿಂದ ಕಣ್ಣು ತೆಗೆದು ಗಂಡನ ಮುಖ ನೋಡಿದಳು.

“ಹೇಳೇ.”

“ನಗ್ತಾ ಇದಾನೆ,” ಎಂದಳು.

“ಉಸಿರು ಒಬ್ಬರದೇ ಕೇಳಿಸ್ತಿದೆಯಲ್ಲ?”

“ಅದಾ? ಅದು... ಹೆಲ್ಮೆಟ್ ತೆಗೆದುಬಿಟ್ಟ, ಅದಕ್ಕೇ. ಬೆವರು ಒರೆಸ್ಕೊಳ್ತಿದಾನೆ, ಪಾಪ.”

“ಹೊರಗೇನಾ?”

“ಹೂಂ, ಅಲ್ಲೇ ಹೊರಗೆ. ತಣ್ಣಗೆ ಗಾಳಿ ಬೀಸ್ತಿದೆ. ಕೂದಲೆಲ್ಲ ಹಾರಾಡ್ತಿದೆ.”

ಅವನು ಟೀವಿಯ ಕಡೆಗಿದ್ದ ಮುಖವನ್ನು ಅವಳತ್ತ ತಿರುಗಿಸಿದ. ಮೊಣಕೈ ಹಿಡಿದಿದ್ದ ಕೈ ಸಡಿಲಲಿಲ್ಲ. “ಕೂದಲು ಬೆಳ್ಳಗಾಗಿರ್ಬೇಕು ಈಗ,” ಎಂದ.

“ಪೂರ್ತಿ ಬೆಳ್ಳಗೆ.”

“ಹೂಂ.” ಕೊನೆಯ ಸಂಗೀತ ಶುರುವಾದಾಗ ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

“ಯಾಕ್ರೀ?”

“ಬಂದ್ನಲ್ಲ, ಅದಕ್ಕೆ.”

ನಂಬಿದನಲ್ಲ, ಸದ್ಯ ಬದುಕಿದೆ ಎಂದುಕೊಂಡು ಅವಳು ಅಡುಗೆಮನೆಗೆ ಹೋಗಿ ಟೀಗೆ ಇಟ್ಟಳು. ಮುಂದಿನ ವಾರಕ್ಕೆ ಏನು ಹೇಳುವುದು, ತಾತನನ್ನು ಎಲ್ಲಿ ಕೂರಿಸುವುದು ಎಂದು ಲೆಕ್ಕ ಹಾಕುತ್ತಿರುವಾಗ ಟೀವಿ ಕೋಣೆಯಲ್ಲಿ ಫೋನ್ ಬಡಿದುಕೊಂಡಿತು. ವೆಲ್ಡರನೇ ಇರಬೇಕು! ವರ್ಕ್‌ಶಾಪಿನಲ್ಲಿ ಗಂಡನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದವನು, ಈ ಧಾರಾವಾಹಿಯ ಇನ್ನೊಬ್ಬ ಹುಚ್ಚ. ಅವನನ್ನು ಅವಳು ಮರೆತೇಬಿಟ್ಟಿದ್ದಳು.

ಚಮಚ ಹಿಡಿದೇ ಓಡಿದಳು. ಗಂಡ ಆಗಲೇ ಫೋನನ್ನು ಕಿವಿಗಿಟ್ಟುಕೊಂಡಿದ್ದ. ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ರೂಢಿಯಾದ ವೆಲ್ಡರನ ಗಂಟಲು ಫೋನಿನಿಂದ ಬಾಗಿಲವರೆಗೂ ಕೇಳಿಸಿತು.

“ಹೋಗ್ಬಿಟ್ನಲ್ಲಣ್ಣಾ ನಮ್ಮ ತಾತ! ಆ ಹುಡುಗಿ ಅಳೋದು ನನ್ನ ಕೈಲಿ ನೋಡೋಕಾಗ್ಲಿಲ್ಲ...” ಎಂದವನು ತಟ್ಟನೆ ದನಿ ಇಳಿಸಿದ. “ಅಣ್ಣಾ, ನಿನಗೆ ಗೊತ್ತಾಯ್ತು ತಾನೇ? ಯಾರಾದ್ರೂ ಹೇಳಿದ್ರಾ?”

ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಎನ್ನಿಸಿತು ಅವಳಿಗೆ. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಗಂಡ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

“ನಿಮ್ಮನೇಲಿ ಹೋಗಿರ್ಬೇಕು ಕಣಯ್ಯ,” ಎಂದ. “ನಮ್ಮನೇಲಿ ಇದಾನೆ.”

“ಏನಣ್ಣ ಅದು?”

“ಹೆಲ್ಮೆಟ್ ತೆಗೆದು ಬೆವರು ಒರೆಸ್ಕೊಂಡ. ಜೋರು ಗಾಳಿಯಂತೆ ಅಲ್ಲಿ. ನನ್ನ ಹೆಂಡತಿ ಕಣ್ಣಾರೆ ನೋಡಿದಾಳೆ.”

ಒಳಗೆ ಟೀ ಉಕ್ಕಿ ಒಲೆಯ ಮೇಲೆ ಚುರ್ರೆಂದಿತು. ಅವಳು ಓಡಿಹೋಗಿ ಒಲೆ ಆರಿಸಿ, ಬಟ್ಟೆ ತೆಗೆದುಕೊಂಡು ಚೆಲ್ಲಿದ್ದನ್ನು ಒರೆಸತೊಡಗಿದಳು. ಕಣ್ಣೆಲ್ಲ ಮಂಜಾಗಿ, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಆಚೆ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಗೋಡೆ ಸವರುತ್ತ ಒಂದು ಅಂಗೈ ಮೆಲ್ಲಗೆ ಮುಂದೆ ಸರಿಯಿತು. ಕುರ್ಚಿಯ ಕಾಲಿಗೆ ಕಾಲು ತಾಗಿ ನಿಂತಿತು, ಮತ್ತೆ ಹೊರಟಿತು. ಅವಳು ತಿರುಗಿ ನೋಡಲಿಲ್ಲ, ಕೈಯಲ್ಲಿದ್ದ ಬಟ್ಟೆಯನ್ನು ಅದುಮಿ ಹಿಡಿದು ಕೇಳುತ್ತ ನಿಂತಳು.

ಬಾಗಿಲ ಹಿಂದೆ ಪ್ಲಾಸ್ಟಿಕ್ ಕವರು ಪರಪರನೆ ಹರಿಯಿತು.