ಬೇಡಿ ಬಸಪ್ಪನ ಬಗ್ಗೆ ಜೈಪಾಲನ ಅಭಿಪ್ರಾಯ

೧

ಇದನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಧಾರಾವಾಹಿಯಿಂದ ಶುರು ಮಾಡಿದರೆ ಜಾಹೀರಾತು ಅನ್ನುತ್ತೀರಿ. ಹಗ್ಗದಿಂದ ಶುರು ಮಾಡಿದರೆ ಪತ್ತೇದಾರಿ ಕಥೆ ಅಂದುಕೊಳ್ಳುತ್ತೀರಿ. ನನ್ನಿಂದಲೇ ಶುರು ಮಾಡೋಣವೆಂದರೆ, ನನ್ನ ಬಗ್ಗೆ ಓದಲು ನನ್ನ ಮನೆಯವರೇ ತಯಾರಿಲ್ಲ.

ಇರಲಿ, ವಿಷಯ ಹೇಳಿಬಿಡುತ್ತೇನೆ. ಟಿವಿಯಲ್ಲಿ ‘ಬೇಡಿ ಬಸಪ್ಪ’ ಅಂತ ಒಂದು ಧಾರಾವಾಹಿ ಬರುತ್ತಿದೆ. ಹಿಂದಿನ ಕಾಲದ ಒಬ್ಬ ಪ್ರಸಿದ್ಧ ಜಾದೂಗಾರನ ಕಥೆ. ಅವನನ್ನು ಹಗ್ಗದಿಂದ ಬಿಗಿಯುತ್ತಾರೆ, ಬೇಡಿ ಹಾಕುತ್ತಾರೆ, ಪೆಟ್ಟಿಗೆಯಲ್ಲಿಟ್ಟು ಬಾವಿಗೆ ಇಳಿಸುತ್ತಾರೆ. ಅವನು ಪ್ರತಿ ಶುಕ್ರವಾರ ಒಳಗೆ ಸಿಕ್ಕಿಹಾಕಿಕೊಂಡು ಸೋಮವಾರ ಹೊರಗೆ ಬರುತ್ತಾನೆ. ಬೆಂಗಳೂರಿನ ಒಂದು ವಾರಪತ್ರಿಕೆಯವರು ಫೋನ್ ಮಾಡಿ, “ತೆಲಂಗಾಣದ ಕನ್ನಡ ಪ್ರೇಕ್ಷಕರು ಏನಂತಾರೆ, ಬರೆದುಕೊಡಿ ಸಾರ್, ಸ್ವಲ್ಪ ಲೈಟ್ ಆಗಿರಲಿ” ಅಂದರು. ನಾನು ಜಹೀರಾಬಾದಿನ ಲೇಖಕ. ಮೂವತ್ತು ವರ್ಷದಿಂದ ಯಾರೂ ನನ್ನನ್ನು ಭಾರವಾಗಿ ತೆಗೆದುಕೊಂಡಿಲ್ಲ. ಒಪ್ಪಿಕೊಂಡೆ.

೨ (ಬಿಟ್ಟುಬಿಟ್ಟ ಕರಡು)

ಮೊದಲ ಅಭಿಪ್ರಾಯ, ನಾರಾಯಣಖೇಡದ ಟೀಚರ್ ಮಾಲತೀಬಾಯಿ ಅವರದು: “ಬಸಪ್ಪ ಛಲೋ ಮಾಡ್ತಾನ್ರಿ. ಆದ್ರ ಅವನ ಹೆಂಡ್ತಿ ದಿನಾ ಬಾವಿ ಕಟ್ಟಿ ಮ್ಯಾಲ ಕುಂತು ಅಳ್ತಾಳಲ್ಲ, ಆಕಿಗಿ ಮನ್ಯಾಗ ಬ್ಯಾರೆ ಕೆಲ್ಸ ಇಲ್ಲೇನು?”

ಎರಡನೆಯದು, ಜಹೀರಾಬಾದಿನಲ್ಲಿ ಕೀಲಿ ರಿಪೇರಿ ಮಾಡುವ ದೇವಿದಾಸನದು: “ಕೀಲಿ ಉಲ್ಟಾ ತಿರುಗಸ್ತಾನ್ರಿ ಅಂವ. ಚಾನೆಲ್ಲಿಗಿ ಮೂರು ಸಲ ಫೋನ್ ಹಚ್ಚೀನಿ. ಯಾರೂ ಎತ್ತಂಗಿಲ್ಲ.”

ಇಷ್ಟರಲ್ಲಿ ಒಂದು ತೊಂದರೆ ಎದುರಾಯಿತು. ಇದೇ ಧಾರಾವಾಹಿ ತೆಲುಗಿಗೂ ಡಬ್ ಆಗಿ ಹದಿನೈದು ದಿನ ತಡವಾಗಿ ಬರುತ್ತದೆ. ನಮ್ಮ ಕಡೆ ಎರಡೂ ಭಾಷೆ ಬಲ್ಲ ಮನೆಗಳೇ ಹೆಚ್ಚು. ಹೀಗಾಗಿ ಒಂದೇ ಮನೆಯಲ್ಲಿ ತಾಯಿ ನೋಡುವ ಬಸಪ್ಪ ಬಾವಿಯಿಂದ ಹೊರಬಂದು ಊಟಕ್ಕೆ ಕೂತಿರುವಾಗ, ಮಗ ತೆಲುಗಿನಲ್ಲಿ ನೋಡುವ ಬಸವಯ್ಯ ಇನ್ನೂ ಪೆಟ್ಟಿಗೆಯಲ್ಲೇ ಮುಳುಗುತ್ತಿರುತ್ತಾನೆ. ಅಭಿಪ್ರಾಯ ಕೇಳಹೋದರೆ “ಹೇಳಬ್ಯಾಡ, ಹೇಳಬ್ಯಾಡ” ಅಂತ ಒಬ್ಬರ ಬಾಯಿ ಇನ್ನೊಬ್ಬರು ಮುಚ್ಚುತ್ತಾರೆ. ಬಾಯಿ ಮುಚ್ಚಿಸಿಕೊಂಡವರ ಅಭಿಪ್ರಾಯ ಬರೆಯುವುದು ಹೇಗೆ? ಕರಡನ್ನು ಅಲ್ಲಿಗೇ ಬಿಟ್ಟು ತಾಂಡೂರಿಗೆ ಹೋದೆ. (ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನೀವು ಕೇಳಲಿಲ್ಲ, ಆದರೂ ಹೇಳಿದೆ.)

೩

ತಾಂಡೂರಿನಲ್ಲಿ ನನ್ನ ಪರಿಚಯದ ಜೈಪಾಲ ಇದ್ದಾನೆ. ನೆಲಕ್ಕೆ ಹಾಸುವ ಫರ್ಶಿ ಕಲ್ಲು ಪಾಲಿಶ್ ಮಾಡುವ ಯೂನಿಟ್ಟಿನಲ್ಲಿ ಇಪ್ಪತ್ತು ವರ್ಷದಿಂದ ಲೋಡಿಂಗ್ ಕೆಲಸ. ಲಾರಿಗೇರಿದ ಕಲ್ಲು ದಾರಿಯಲ್ಲಿ ಅಲುಗಾಡದ ಹಾಗೆ ಹಗ್ಗ ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಮನೆಯಲ್ಲಿ ತಾಯಿ ಈಶಮ್ಮ, ಹೆಂಡತಿ ಸ್ವರೂಪಾ. ನಾನು ಹೋದಾಗ ಮಧ್ಯಾಹ್ನ ಒಂದೂವರೆ.

“ಎಲ್ಲಾ ಖೊಟ್ಟಿ ಅದರಿ,” ಅಂದ ಜೈಪಾಲ. “ಆ ಹಗ್ಗ ಕಟ್ಟೋದು ನೋಡ್ರಿ, ಆಡಿನ ಮರಿ ಕಟ್ಟಿದಂಗ. ನಮ್ಮ ಫರ್ಶಿ ಗಂಟು ಹಾಕಿದ್ರ ಬಸಪ್ಪ ಅಲ್ಲ, ಅವರಪ್ಪ ಬಂದ್ರೂ ಬಿಚ್ಚಂಗಿಲ್ಲ. ನಾ ಆದ್ರ ಎರಡು ಮಿನಿಟಿನ್ಯಾಗ ಬಿಚ್ಚಿ ಒಗೀತೀನಿ.”

“ಬಿಚ್ಚಿ ತೋರಸ್ತೀಯೇನು?” ಅಂದವಳೇ ಸ್ವರೂಪಾ ಒಳಗಿನಿಂದ ಹಗ್ಗ ತಂದಳು.

ಇಲ್ಲಿ ಲೇಖಕನಾದ ನಾನು ಎಚ್ಚರಗೊಳ್ಳಬೇಕಿತ್ತು. ಇಷ್ಟು ಬೇಗ ಹಗ್ಗ ತಂದವಳು ಅದನ್ನು ಮೊದಲೇ ತೆಗೆದಿಟ್ಟಿರುತ್ತಾಳೆ ಅಂತ ಎಂಥವನಿಗೂ ಹೊಳೆಯಬೇಕು. ನನಗೆ ಹೊಳೆಯಲಿಲ್ಲ. ಪತ್ರಿಕೆಗೆ ಒಳ್ಳೆ ಫೋಟೋ ಸಿಗುತ್ತದೆ ಅನ್ನುವ ಖುಷಿಯಲ್ಲಿ ಮೊಬೈಲಿನ ಟೈಮರ್ ಹಚ್ಚುತ್ತಿದ್ದೆ. ಮದುವೆಯಾದ ಹೊಸತರಲ್ಲಿ ಸ್ವರೂಪಾ ಕೂಡ ಅದೇ ಯೂನಿಟ್ಟಿನಲ್ಲಿ ಕೆಲಸ ಮಾಡಿದವಳು. ಆ ಗಂಟು ಅವಳಿಗೆ ಕಲಿಸಿದವನು ಜೈಪಾಲನೇ. ಅವನನ್ನು ಕುರ್ಚಿಗೆ ಸುತ್ತಿ, ಕೊನೆಯ ಸುತ್ತು ಹಾಕುವಾಗ ಕುರ್ಚಿಯ ಕಾಲಿಗೆ ತನ್ನ ಕಾಲು ಕೊಟ್ಟು ಎಳೆದಳು. ಜೈಪಾಲ “ಶಭಾಷ್” ಅಂದ, ಪಾಪ.

೪

ಎರಡು ನಿಮಿಷವಾಯಿತು. ಹತ್ತಾಯಿತು. ಇಪ್ಪತ್ತಕ್ಕೆ ನಾನು ಟೈಮರ್ ನಿಲ್ಲಿಸಿದೆ.

ಆಗ ಗೊತ್ತಾದದ್ದು ಇಷ್ಟು: ತಾಂಡೂರಿನ ಲೋಡರುಗಳು ಗಂಟು ಹಾಕುತ್ತಾರೆ, ಬಿಚ್ಚುವುದಿಲ್ಲ. ಲಾರಿ ಹೈದರಾಬಾದಿಗೋ ಸೋಲಾಪುರಕ್ಕೋ ಹೋಗುತ್ತದೆ, ಅಲ್ಲಿ ಕಲ್ಲು ಇಳಿಸುವವರು ಬಿಚ್ಚಿಕೊಳ್ಳುತ್ತಾರೆ. ಇಪ್ಪತ್ತು ವರ್ಷದಲ್ಲಿ ಸಾವಿರಾರು ಗಂಟು ಹಾಕಿದ ಜೈಪಾಲ ಒಂದನ್ನೂ ಬಿಚ್ಚಿದವನಲ್ಲ. ಈ ಸಂಗತಿ ಅವನ ತಲೆಗೂ ಇವತ್ತೇ ಹೊಕ್ಕಿದ್ದು.

“ಬಿಚ್ಚೋದು ನಮ್ಮ ಡಿಪಾರ್ಟ್‌ಮೆಂಟ್ ಅಲ್ರಿ,” ಅಂತ ಗೊಣಗಿದ.

ಸ್ವರೂಪಾ ಅವನೆದುರು ಕುಕ್ಕರಗಾಲಿನಲ್ಲಿ ಕುಳಿತಳು. “ಈಗ ಹೇಳು. ನನ್ನ ಮೆಮೊ ಎಲ್ಲಿಟ್ಟೀ?”

ನಿಮಗೂ ಹೇಳಬೇಕು. ಮೆಮೊ ಅಂದರೆ ಅವಳ ಹತ್ತನೇ ಕ್ಲಾಸಿನ ಅಂಕಪಟ್ಟಿ. ಮರುದಿನ ಬೆಳಿಗ್ಗೆ ಹತ್ತಕ್ಕೆ ನಾರಾಯಣಖೇಡದ ಬಾಲಕಿಯರ ವಸತಿಶಾಲೆಯಲ್ಲಿ ಮೇಟ್ರನ್ ಕೆಲಸಕ್ಕೆ ಇಂಟರ್‌ವ್ಯೂ. ಒರಿಜಿನಲ್ ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ. ಮೂರೂವರೆ ಬಸ್ಸಿಗೆ ಹೊರಟರೆ ರಾತ್ರಿ ಜಹೀರಾಬಾದಿನ ತವರಿನಲ್ಲಿದ್ದು ಬೆಳಿಗ್ಗೆ ಮುಂದೆ ಹೋಗಬಹುದು. ಮೆಮೊ ಮೂರು ದಿನದ ಹಿಂದೆ ಟ್ರಂಕಿನಿಂದ ಮಾಯವಾಗಿತ್ತು. ಅಲ್ಲಿಯವರೆಗೆ ಹಲ್ಲು ಕಿರಿಯುತ್ತಿದ್ದ ನಾನು ಬಾಯಿ ಮುಚ್ಚಿಕೊಂಡೆ.

“ನಾ ಇಟ್ಟಿಲ್ಲ,” ಅಂದ ಜೈಪಾಲ.

“ಹಂಗಾದ್ರ ಕುಂದ್ರು.”

೫

ಈಗ ಮುಕ್ತಾಯಗಳು. ನಾನು ಮನೆಯಿಂದಲೇ ಕೆಲವನ್ನು ತಂದಿದ್ದೆ.

ಮುಕ್ತಾಯ ಅ: ಜೈಪಾಲನ ಕಣ್ಣಲ್ಲಿ ಪಶ್ಚಾತ್ತಾಪದ ನೀರು ತುಂಬಿತು...

“ಏ ಸಾಹೇಬ್ರ, ನಾ ಅಳಾಂವಲ್ಲ. ಹೊಡದ ಹಾಕ್ರಿ ಅದನ್ನ,” ಅಂದ ಜೈಪಾಲ. ಹೊಡೆದುಹಾಕಿದೆ.

ಮುಕ್ತಾಯ ಆ: ಗಂಡನ ಸ್ಥಿತಿ ಕಂಡು ಸ್ವರೂಪಾಳ ಮನಸ್ಸು ಕರಗಿತು...

“ನನ್ನ ಮನಸು ಕರಗ್ಯದಂತ ನಿಮಗ್ಯಾರ್ ಹೇಳ್ಯಾರ?” ಅಂದಳು ಸ್ವರೂಪಾ. ಅದೂ ಹೋಯಿತು.

ಮುಕ್ತಾಯ ಇ: ಹೆತ್ತ ಕರುಳು ತಡೆಯದೆ ಈಶಮ್ಮ ಓಡಿಬಂದು...

ಈಶಮ್ಮ ಎಲ್ಲಿಗೂ ಓಡಲಿಲ್ಲ. ಎರಡು ಗಂಟೆಯ ಮರುಪ್ರಸಾರ ಶುರುವಾಗಿತ್ತು. “ಜರಾ ಸುಮ್ನಿರ್ರಿ, ಬಸಪ್ಪನ್ನ ಬಾವಿಗಿ ಇಳಸ್ಲಿಕತ್ತಾರ,” ಅಂತ ವಾಲ್ಯೂಮ್ ಏರಿಸಿದಳು. ಆಮೇಲೆ ಮಗನ ಕಡೆ ತಿರುಗಿ, “ಹೇಳೋದಿದ್ರ ಅಡ್ವರ್ಟೈಸ್ ಬಂದಾಗ ಹೇಳು, ನನಗೂ ಕೇಳಸ್ತದ,” ಅಂದಳು.

ಅಡ್ವರ್ಟೈಸ್ ಬಂತು. ಜೈಪಾಲ ನೆಲ ನೋಡುತ್ತ ಹೇಳಿದ: “ಆಕಿ ಅಲ್ಲೇ ಇರಬೇಕಾಗ್ತದಂತ. ವಾರಕ್ಕೊಮ್ಮೆ ಬರ್ತಾಳಂತ. ಮೊದ್ಲು ವಾರಕ್ಕೊಮ್ಮೆ, ಆಮ್ಯಾಗ ತಿಂಗಳಿಗೊಮ್ಮೆ. ನಾ ಯಾರ ಜೋಡಿ ಜಗಳಾಡ್ಲಿ?”

ಟಿವಿಯಲ್ಲಿ ಸೋಪು ನೊರೆಯಾಗುತ್ತಿತ್ತು.

“ಇದನ್ನ ಬಾಯಿ ಬಿಟ್ಟು ಹೇಳಿದ್ರ ಕೇಳ್ತಿದ್ದೆ,” ಅಂದಳು ಸ್ವರೂಪಾ. “ನೀ ಹೇಳಿಲ್ಲ. ಕದ್ದಿ.”

ಜೈಪಾಲ ಮತ್ತೆ ಗಂಟಿನ ಜೊತೆ ಗುದ್ದಾಡತೊಡಗಿದ. ಎರಡೂ ಮುಕ್ಕಾಲು ಆಯಿತು.

೬

ಆಗ ಅವಳು ನನ್ನ ಕಡೆ ತಿರುಗಿದಳು. (ಪಾತ್ರಗಳು ಹೀಗೆ ತಿರುಗಿದಾಗ ಹಿರಿಯ ಲೇಖಕರು ಏನು ಮಾಡುತ್ತಾರೋ ಗೊತ್ತಿಲ್ಲ. ನಾನು ಪೆನ್ನಿನ ಕ್ಯಾಪ್ ಹುಡುಕುವವನ ಹಾಗೆ ನಟಿಸಿದೆ.)

“ಇಂವ ಹೇಳಂಗಿಲ್ಲ. ನೀವು ಹೇಳ್ರಿ. ಕತಿ ಬರಿಯೋರು ನೀವೇ ಹೌದಿಲ್ಲೋ? ಎಲ್ಲಿಟ್ಟಾನಂತ ನಿಮಗ ಗೊತ್ತಿರಬೇಕಲ್ಲ.”

ಗೊತ್ತಿತ್ತು. ಮೂರನೇ ಭಾಗ ಬರೆಯುವಾಗಲೇ ಗೊತ್ತಿತ್ತು. ಹೇಳಿಬಿಟ್ಟರೆ ಕಥೆ ಅಲ್ಲೇ ಮುಗಿದುಹೋಗುತ್ತದೆ, ಪತ್ರಿಕೆಯವರು ಕೇಳಿದಷ್ಟು ಪುಟ ತುಂಬುವುದಿಲ್ಲ ಅಂತ ಸುಮ್ಮನಿದ್ದೆ. ಜೇಬಿನಲ್ಲಿ ಇನ್ನೂ ನಾಲ್ಕು ಮುಕ್ತಾಯಗಳಿದ್ದವು, ಅವುಗಳಲ್ಲಿ ಒಂದಂತೂ ಬಹಳ ಚೆನ್ನಾಗಿತ್ತು.

“ಜರಾ ತಡಿ ತಂಗಿ. ಇನ್ನೊಂದೆರಡು ಪ್ಯಾರಾ ಅಷ್ಟೇ,” ಅಂದೆ.

“ಬಸ್ಸು ನಿಮ್ಮ ಪ್ಯಾರಾಕ್ಕ ನಿಲ್ಲಂಗಿಲ್ರಿ.” ಅವಳು ಜೈಪಾಲನನ್ನು ನೋಡಿದಳು, ಆಮೇಲೆ ನನ್ನನ್ನು. “ಇಂವಗ ಜಗಳಾಡಾಕ ನಾ ಬೇಕು, ನಿಮಗ ಬರಿಯಾಕ ನಾ ಬೇಕು. ಇಬ್ರೂ ಕೂಡಿ ನನ್ನ ಮೆಮೊ ಮುಚ್ಚಿಟ್ಟು ನನಗ ಮನ್ಯಾಗ ಕೂಡ್ಸೀರಿ.”

ನನಗೆ ನಾಚಿಕೆಯಾಯಿತು. ಇದನ್ನು ಅಲಂಕಾರವಿಲ್ಲದೆ ಹೇಳುತ್ತಿದ್ದೇನೆ, ನಿಜವಾಗಿ ನಾಚಿಕೆಯಾಯಿತು. ಇಷ್ಟು ಹೊತ್ತು ಕಟ್ಟಿಹಾಕಿಸಿಕೊಂಡವನು ಜೈಪಾಲ ಅಂತ ನಾನೂ ನಂಬಿದ್ದೆ, ನಿಮ್ಮನ್ನೂ ನಂಬಿಸಿದ್ದೆ.

೭

ಬರೆದೆ: ಮೆಮೊ ಹೊರಗೆ ನಿಂತಿರುವ ಜೈಪಾಲನ ಮೋಟಾರ್ ಸೈಕಲ್ಲಿನ ಸೀಟಿನ ಕೆಳಗಿದೆ.

ಅವಳು ಓಡಿದಳು. ಸೀಟು ಎತ್ತಿದ ಸದ್ದು ಕೇಳಿಸಿತು. ಮೆಮೊ ಮುದುಡದ ಹಾಗೆ ಅಡಿಗೊಂದು ರಟ್ಟು ಕೊಟ್ಟು, ನೀರು ತಾಗದ ಹಾಗೆ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದ. (ಇದು ನಾನು ಬರೆದದ್ದಲ್ಲ, ಅವನೇ ಮಾಡಿದ್ದು.) ಅವಳು ಕವರನ್ನು ಒಂದು ಕ್ಷಣ ನೋಡಿದಳು. ಬ್ಯಾಗಿಗೆ ಹಾಕಿಕೊಂಡಳು.

“ಅತ್ತಿ, ಬಸ್ಸು ಹೋದ ಮ್ಯಾಗ ಈ ಹಗ್ಗ ಕೊಯ್ದು ಬಿಡ್ರಿ.”

“ಆತು ಹೋಗವ್ವ. ಚಾ ಕುಡದು ಹೋಗು,” ಅಂದಳು ಈಶಮ್ಮ, ಟಿವಿಯಿಂದ ಕಣ್ಣು ತೆಗೆಯದೆ.

ಸ್ವರೂಪಾ ಚಾ ಕುಡಿಯಲಿಲ್ಲ. ಅವಳು ಬೀದಿಗಿಳಿದ ಮೇಲೆ ಜೈಪಾಲ ಕುರ್ಚಿಸಮೇತ ಬಾಗಿಲ ತನಕ ಜಿಗಿದು ಹೋಗಿ ಕೂಗಿದ: “ಮುಟ್ಟಿದ ಮ್ಯಾಗ ಫೋನ್ ಮಾಡು!”

ಇಲ್ಲಿ ಅವಳು ತಿರುಗಿ ನೋಡಿದಳು ಅಂತ ಬರೆಯಲು ನನ್ನ ಕೈ ತುರಿಸುತ್ತಿದೆ. ನೋಡಲಿಲ್ಲ.

ಈಶಮ್ಮ ಧಾರಾವಾಹಿ ಮುಗಿಸಿ ಈಳಿಗೆ ಹಿಡಿದು ಬಂದಳು. ಜೈಪಾಲ ಬೇಡ ಅಂದ. “ಕೊಯ್ಯಬ್ಯಾಡ. ಹೆಂಗ ಬಿಚ್ತದಂತ ನೋಡ್ತೀನಿ.” ನಾನು ಐದು ಗಂಟೆಯ ಬಸ್ಸಿಗೆ ಹೊರಟಾಗ ಅವನು ಇನ್ನೂ ನೋಡುತ್ತಲೇ ಇದ್ದ. ಬಲಗೈ ಅರ್ಧ ಹೊರಬಂದಿತ್ತು.

೮

ಮರುದಿನ ಒಂದು ಗಂಟೆಗೆ ಅವಳಿಗೆ ಫೋನ್ ಮಾಡಿದೆ. ಪತ್ರಿಕೆಯವರು ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ದರು: ಸಾರ್, ಎಂಡಿಂಗ್ ಬಂತಾ?

“ಏನಾತು ತಂಗಿ? ನೌಕರಿ ಸಿಕ್ತೇನು?”

“ಸಿಕ್ಕಿದ್ರ ಬರೀತೀರಿ,” ಅಂದಳು. “ಸಿಗಲಿಲ್ಲಂದ್ರ ಇನ್ನಾ ಜಾಸ್ತಿ ಬರೀತೀರಿ. ನಾ ಹೇಳಂಗಿಲ್ಲ.”

“ಹಂಗಾದ್ರ ಈ ಕತಿ ಹೆಂಗ ಮುಗಸ್ಲಿ?”

“ಅದು ನಿಮ್ಮ ಪರೇಶಾನಿ ಅದರಿ.”

ಫೋನ್ ಇಡುವ ಮೊದಲು ಅವಳ ಹಿಂದೆ ಒಂದು ಸದ್ದು ಕೇಳಿಸಿತು. ಏನೆಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಅವಳು ಹೇಳದ್ದನ್ನು ನಾನೂ ನಿಮಗೆ ಹೇಳುವುದಿಲ್ಲ.