ಅರ್ಜಿಯ ಕೊನೆಯ ಪ್ಯಾರಾ

ಎಪ್ಪತ್ತೊಂದರ ಆರಿದ್ರಾ ಮಳೆ. ಮುಂಬಯಿಯ ವಿಕ್ರೋಳಿಯ ಎರಕದ ಕಾರ್ಖಾನೆಯಲ್ಲಿ ಹಣಮಂತ ಮರಳು ಹೊರುತ್ತಿದ್ದ. ತಲೆಯ ಮೇಲೆ ಬುಟ್ಟಿ, ಅಂಗಿಯ ಕಿಸೆಯಲ್ಲಿ ನೋಟೀಸು. ಬಿತ್ತಿಗೆಗೆಂದು ಊರಿಗೆ ಹೋದವನು ಹನ್ನೊಂದು ದಿನ ತಡವಾಗಿ ಬಂದಿದ್ದ. ಏಕೆಂದು ನಾಳೆಯೊಳಗೆ ಇಂಗ್ಲಿಷಿನಲ್ಲಿ ಬರೆದುಕೊಡದಿದ್ದರೆ ಕೆಲಸ ಹೋಗುತ್ತಿತ್ತು.

ಸಂಜೆ ಚಾಳಿನ ಪಕ್ಕದ ಖೋಲಿಯ ಗುಮಾಸ್ತ ಶೇಖರ ಅರ್ಜಿ ಬರೆದುಕೊಟ್ಟ. ಹಣಮಂತನಿಗೆ ಇಂಗ್ಲಿಷ್ ಬಾರದು. ಆದರೆ ಒಂದು ಶಬ್ದದ ಆಕಾರ ಗೊತ್ತಿತ್ತು. ಕೆಲಸದಿಂದ ತೆಗೆದವರ ಹೆಸರುಗಳ ಮೇಲೆ ಗೇಟಿನ ಬೋರ್ಡಿನಲ್ಲಿ ಬರೆಯುವ ‘ಫೈನಲ್’. ಅವೇ ಅಕ್ಷರಗಳು ಕೊನೆಯ ಪ್ಯಾರಾದ ಮೊದಲಿಗೇ ಕೂತಿದ್ದವು.

“ಶೇಖರಣ್ಣಾ, ನನ್ನ ಫೈನಲ್ ನೀವಽ ಮಾಡಿಬಿಟ್ರೇನ್ರೀ?”

“ಅದು ಫೈನಲೀ ಮಾರಾಯ್ರೆ. ಕೊನೆಯದಾಗಿ ಅಂತ. ಮುಗಿಸುವಾಗ ಹಾಗೆ ಬರೀಲಿಕ್ಕುಂಟು.”

“ಮುಗಸೂದು ಬ್ಯಾಡ್ರೀ!”

ಶೇಖರ ನಕ್ಕು, ಅದನ್ನು ಹೊಡೆದುಹಾಕಿ, ‘ಇನ್ ಶಾರ್ಟ್’ ಎಂದು ಬರೆದು ಓದಿದ.

“ಶಾರ್ಟ್? ಹಾಜರಿ ಶಾರ್ಟ್ ಅಂತನಽ ನೋಟೀಸ್ ಬಂದದ. ನಾವಽ ಒಪ್ಪಿಕೊಂಡಂಗಾತಲ್ರೀ!”

“ಹಾಗಾದ್ರೆ ಇನ್ ಕನ್‌ಕ್ಲೂಷನ್. ಆಯ್ತಾ?” ಎಂದು ಶೇಖರ ಮತ್ತೆ ತಿದ್ದಿದ.

ಈ ಶಬ್ದವನ್ನು ಹಣಮಂತ ಕೇಳಿಯೇ ಇರಲಿಲ್ಲ. ಕಾಗದ ಮಡಚಿಕೊಂಡು ತನ್ನ ಖೋಲಿಗೆ ಬಂದ.

ನಡೆದದ್ದನ್ನು ಕೇಳಿ ಹೆಂಡತಿ ಚಂದ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಆ ಶೇಖರಣ್ಣನ ಹೇಣ್ತಿ ತಮ್ಮ ಕೆಲಸ ಹುಡಕ್ಕೋತ ಬಂದು ತಿಂಗಳಾತು. ನಿಮ್ಮ ಜಾಗಾ ಖಾಲಿ ಆದ್ರ ಯಾರಿಗೆ ಲಾಭ? ನಿಮಗೇನ ತಿಳೀತದ, ಬರೇ ಮರಳು ಹೊರೂದು!”

ಹಣಮಂತ ದಾಡಿಯ ಬ್ಲೇಡಿನಿಂದ ಆ ಪ್ಯಾರಾವನ್ನು ಕೊಯ್ದು ಒಲೆಗೆ ಹಾಕಿದ. ಉಳಿದದ್ದರ ಕೆಳಗೆ ಸಹಿ ಮಾಡಿದ.

ಮರುದಿನ ಲೇಬರ್ ಆಫೀಸರ್ ಅದನ್ನು ಓದಿ, ಹಿಂಬದಿಯನ್ನೂ ತಿರುಗಿಸಿ ನೋಡಿದರು. “ಮಳೆ, ಬಿತ್ತನೆ, ಎಲ್ಲ ಇದೆ. ನಿನಗೆ ಬೇಕಾದ್ದೇನು ಅಂತಲೇ ಇಲ್ಲವಲ್ಲ?” ಎಂದು ಹಿಂದಿಯಲ್ಲಿ ಕೇಳಿದರು.

ಕೆಲಸದಲ್ಲಿ ಉಳಿಸಿಕೊಳ್ಳಿ ಎಂಬ ಮಾತೇ ಕೊಯ್ದ ತುಂಡಿನಲ್ಲಿತ್ತೆಂದು ಹಣಮಂತನಿಗೆ ಆಗ ತಿಳಿಯಿತು.

“ಸಾಹೇಬ್, ಕಾಮ್ ಪರ್ ರಖೋ,” ಎಂದ. ಅವನಿಗೆ ಅಷ್ಟೇ ಹಿಂದಿ ಬಂತು.

ಆಫೀಸರ್ ಅರ್ಜಿಗೆ ಒಪ್ಪಿಗೆಯ ಸಹಿ ಹಾಕಿ, “ಹೋಗು, ಪಾಳಿ ಶುರುವಾಗಿದೆ,” ಎಂದರು.

ಸಂಜೆ ನಲ್ಲಿಯ ಹತ್ತಿರ ಶೇಖರ ಸಿಕ್ಕ. “ಉಳೀತಲ್ಲ ಕೆಲಸ? ಕೊನೇ ಪ್ಯಾರಾ ಓದಿಯೇ ನಿಮ್ಮನ್ನು ಉಳಿಸಿಕೊಂಡಿರ್ತಾರೆ. ಅದಕ್ಕೇ ನಾನು ಅರ್ಧ ಗಂಟೆ ಕೂತದ್ದು.”

“ಹೌದ್ರೀ, ಓದಿದ್ರು,” ಎಂದ ಹಣಮಂತ.

ಸಂಶಯಪಟ್ಟದ್ದಕ್ಕೆ ತಪ್ಪಾತು ಎನ್ನುವ ಮಾತು ಬಾಯಿತನಕ ಬಂದಿತ್ತು. ಅಷ್ಟರಲ್ಲಿ ಶೇಖರನ ಕೊಡ ತುಂಬಿತು. ಅದನ್ನೆತ್ತಿಕೊಂಡು ಅವನು ಹೊರಟ. ಆ ಋಣ ಹಾಗೇ ಉಳಿಯಿತು.