ಎಡಬದಿಯ ಮನೆಯವರ ಸಹಿ

ಶೈಲಜಾ ಹನ್ನೆರಡು ವರ್ಷ ಬೈಲಹೊಂಗಲದ ಒಂದು ಖಾರದ ಗಿರಣಿಯಲ್ಲಿ ದುಡಿದಿದ್ದಳು. ಮಾಲೀಕರು ಗಿರಣಿ ಮುಚ್ಚಿದಾಗ ಅಲ್ಲಿನ ಸಣ್ಣ ಯಂತ್ರವನ್ನು ತಾನೇ ಕೊಂಡು ತಂದು ಮನೆಯ ಪಡಸಾಲೆಯಲ್ಲಿ ನಿಲ್ಲಿಸಿದಳು. ವಯಸ್ಸು ನಲವತ್ತಾರು. ಮದುವೆ ಕೂಡಿಬಂದಿರಲಿಲ್ಲ, ತನ್ನವರು ಎನ್ನಲು ಯಾರೂ ಉಳಿದಿರಲಿಲ್ಲ. ಈ ವಯಸ್ಸಿನಲ್ಲಿ ಇನ್ನೊಬ್ಬರ ಬಾಗಿಲಿಗೆ ಹೋಗಿ ಕೆಲಸ ಕೇಳಲು ಮನಸ್ಸು ಬರಲಿಲ್ಲ. ಮನೆಯಲ್ಲೇ ಖಾರ, ಮಸಾಲೆ, ಹಿಟ್ಟು ಬೀಸಿಕೊಟ್ಟರಾಯಿತೆಂದು ಪುರಸಭೆಗೆ ಅರ್ಜಿ ಹಾಕಿದಳು.

ಅಲ್ಲಿನ ಗುಮಾಸ್ತ ಅರ್ಜಿ ಓದಿ, "ಅಕ್ಕಾರ, ಅದು ಮಂದಿ ಇರೋ ಓಣಿ. ಖಾರ ಬೀಸಿದ್ರ ಘಾಟ್ ಆಗತೈತಿ, ಸಪ್ಪಳಾನೂ ಆಗತೈತಿ. ಎರಡೂ ಬಾಜೂ ಮನಿಯವರ ಕಡಿಂದ ತಕರಾರಿಲ್ಲ ಅಂತ ಸಹಿ ತರ್ರಿ. ಆಮ್ಯಾಲೆ ಸಾಹೇಬ್ರು ಬಂದು ಜಾಗಾ ನೋಡತಾರ," ಎಂದ.

ಬಲಗಡೆ ಮನೆಯ ಸಾವಂತ್ರೆವ್ವ ಕಟ್ಟೆಯ ಮೇಲೆ ಕೂತಲ್ಲೇ ಸಹಿ ಹಾಕಿದಳು. "ಸಂಜಿಮುಂದ ಮಾತ್ರ ಮೆಣಸಿನಕಾಯಿ ಹಾಕಬ್ಯಾಡವಾ, ನನಗ ದಮ್ಮ ಐತಿ," ಎಂದಳು, ಅಷ್ಟೆ.

ಎಡಗಡೆಯ ಮನೆಗೆ ಹತ್ತು ವರ್ಷದಿಂದ ಬೀಗ ಬಿದ್ದಿತ್ತು. ಅದರ ಯಜಮಾನ ಸುಭಾಸ ರಾಮದುರ್ಗದಲ್ಲಿ ಬೀಜ, ಗೊಬ್ಬರದ ಅಂಗಡಿ ತೆರೆದು ಹೆಂಡತಿ ರೇಣುವನ್ನೂ ಕೂಸನ್ನೂ ಅಲ್ಲಿಗೇ ಕರೆದೊಯ್ದಿದ್ದ. ಸಹಿಗಾಗಿ ರಾಮದುರ್ಗದ ತನಕ ಹೋಗಬೇಕೆಂದು ತಿಳಿದಾಗ ಶೈಲಜಾಳಿಗೆ ಬೇಸರವೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗಿದಳು. ಹೋಗಲು ಒಂದು ನೆಪ ಸಿಕ್ಕಿತ್ತು.

ಆ ಓಣಿಯಲ್ಲಿ ಇದ್ದ ಎರಡು ವರ್ಷವೂ ರೇಣು ಸಂಜೆ ಹಿತ್ತಲ ಗೋಡೆಗೆ ಬಂದು ನಿಲ್ಲುತ್ತಿದ್ದಳು. ಗಿರಣಿಯಿಂದ ಬಂದ ಶೈಲಜಾ ಕೈ ತೊಳೆದು ಕೂಸನ್ನು ಎತ್ತಿಕೊಂಡರೆ ರೇಣು ಒಲೆಯ ಕೆಲಸ ಮುಗಿಸುತ್ತಿದ್ದಳು. "ಶೈಲಕ್ಕಾ, ನೀ ಇದ್ದೀ ಅಂತ ನನಗ ಈ ಊರಾಗ ಹೊತ್ತ ಹೋಗತೈತಿ ನೋಡು," ಎಂದಿದ್ದಳು ಒಮ್ಮೆ. ಬೇರೆ ಯಾರೂ ಶೈಲಜಾಳಿಗೆ ಅಂಥ ಮಾತು ಹೇಳಿರಲಿಲ್ಲ. ಹೋದ ಮೇಲೆ ಎರಡು ಸಲ ಫೋನು ಬಂತು, ನಂತರ ನಂಬರು ಬದಲಾಯಿತು. ಸಂಸಾರಸ್ಥೆ, ಪುರುಸೊತ್ತು ಎಲ್ಲಿ ಸಿಗಬೇಕು ಎಂದು ಶೈಲಜಾ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಸಾವಂತ್ರೆವ್ವನಿಂದ ವಿಳಾಸ ಪಡೆದು, ಒಂದು ಡಬ್ಬಿ ಶೇಂಗಾ ಚಟ್ನಿ ಕುಟ್ಟಿಕೊಂಡು ಬಸ್ಸು ಹತ್ತಿದಳು. ಮುರಗೋಡ ದಾಟುವಾಗಲೇ ಮೊದಲು ಯಾವ ಮಾತು ಆಡಬೇಕೆಂದು ಮನಸ್ಸಿನಲ್ಲಿ ಜೋಡಿಸತೊಡಗಿದ್ದಳು.

ಬಾಗಿಲು ತೆಗೆದದ್ದು ಹನ್ನೊಂದರ ಹುಡುಗಿ, ಸ್ನೇಹಲ್. ಎತ್ತಿ ಆಡಿಸಿದ ಕೂಸು ಇದೇ ಎಂದು ಶೈಲಜಾ ಕಣ್ಣು ತುಂಬ ನೋಡುತ್ತಿದ್ದರೆ ಹುಡುಗಿ ಒಳಗೆ ತಿರುಗಿ, "ಮಮ್ಮಿ, ಯಾರೋ ಬಂದಾರ," ಎಂದು ಕೂಗಿದಳು.

ರೇಣು ಮೈ ತುಂಬಿಕೊಂಡಿದ್ದಳು. ಸೆರಗಿಗೆ ಕೈ ಒರೆಸುತ್ತ ಬಂದು, "ಬರ್ರಿ, ಬರ್ರಿ. ಯಾರ ಕಡೆಯವರ‍್ರಿ?" ಎಂದು ಕೇಳಿದಳು.

"ರೇಣು, ನಾ ಶೈಲಜಾ. ಬೈಲಹೊಂಗಲದಾಗ ನಿಮ್ಮ ಬಾಜೂ ಮನಿ."

"ಅಯ್ಯ, ಹೌದಲ್ರಿ! ಕುಂತ್ಕೋರಿ, ಚಾ ಮಾಡತೇನಿ." ಮುಖದಲ್ಲಿ ನಗು ಧಾರಾಳವಾಗಿತ್ತು. ಆದರೆ ಅದು ಯಾವ ಅತಿಥಿಗಾದರೂ ಸಿಗುವ ನಗು. ಚಹಾ ಕೊಡುತ್ತ ಆಕೆ ವಿಚಾರಿಸಿದಳು, "ನಿಮ್ಮ ಮಕ್ಕಳು ಈಗ ಏನ್ ಮಾಡತಾರ‍್ರಿ? ದೊಡ್ಡವರಾಗಿರಬೇಕಲ್ಲ?"

ಶೈಲಜಾ ಚಹಾದ ಬಸಿಯನ್ನು ಕೆಳಗಿಟ್ಟಳು. ತಿದ್ದಬೇಕೆಂದು ಬಾಯಿ ತೆರೆದಳು. ತಿದ್ದಿದರೆ ರೇಣು ನಾಚಿಕೆಪಡುತ್ತಾಳೆ, ಆಮೇಲೆ ತಾನು ಯಾರೆಂಬುದನ್ನು ಮೊದಲಿನಿಂದ ಹೇಳುತ್ತ ಕೂರಬೇಕು. "ಆರಾಮ ಅದಾರ. ಸಾಲಿ ಕಲಿಯಾಕ ಹತ್ತ್ಯಾರ," ಎಂದುಬಿಟ್ಟಳು.

"ಇಬ್ಬರಲ್ರಿ?"

"ಹೂಂ, ಇಬ್ಬರು."

"ಸಿಟ್ಟಾಗಬ್ಯಾಡ್ರಿ, ನಾವು ಅಲ್ಲಿ ಇದ್ದದ್ದ ಎರಡು ವರ್ಷ. ಯಾರದೂ ಸರಿಯಾಗಿ ನೆಪ್ಪ ಉಳದಿಲ್ಲ."

ಅಷ್ಟರಲ್ಲಿ ಊಟಕ್ಕೆ ಬಂದ ಸುಭಾಸ ಕಾಗದ ಓದಿ ಹುಬ್ಬು ಗಂಟಿಕ್ಕಿದ. "ಖಾರದ ಗಿರಣಿ ಬಾಜೂಕ ಅಂದ್ರ ನಾಳೆ ಆ ಮನಿ ಬಾಡಿಗಿಗಿ ಯಾರ್ ತಗೋತಾರ?"

"ಹಾಕಿಕೊಡ್ರಿ ಅತ್ಲಾಗ. ಪಾಪ, ಎರಡು ಮಕ್ಕಳನ್ನ ಸಾಕಬೇಕಲ್ಲ, ಅದಕ್ಕ ಇಷ್ಟು ದೂರ ಬಂದಾರ," ಎಂದಳು ರೇಣು.

ಸುಭಾಸ ಸಹಿ ಹಾಕಿದ. ಇಲ್ಲದ ಮಕ್ಕಳ ಹೆಸರಿನಲ್ಲಿ ಸಿಕ್ಕ ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಚಟ್ನಿಯ ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟು ಶೈಲಜಾ ಎದ್ದಳು. ರೇಣು ಗೇಟಿನ ತನಕ ಬಂದು, "ಮಕ್ಕಳನ್ನ ಕರಕೊಂಡು ಬರ್ರಿ ಒಮ್ಮೆ," ಎಂದಳು. ವಾಪಸ್ಸು ಬರುವಾಗ ಕಿಟಕಿಯ ಪಕ್ಕ ಕೂತವಳಿಗೆ ಅಳು ಬರಲಿಲ್ಲ. ಹತ್ತು ವರ್ಷ ರೇಣುವಿನ ಜೊತೆ ಮನಸ್ಸಿನಲ್ಲೇ ಒಬ್ಬಳೇ ಮಾತಾಡಿಕೊಂಡು ಬಂದೆನಲ್ಲ ಎಂದು ಮಾತ್ರ ಅನಿಸಿತು.

ಸಾಹೇಬರು ಬಂದು ಜಾಗ ನೋಡಿದರು. ಘಾಟು ಹೊರಗೆ ಹೋಗಲು ಹಿತ್ತಲ ಕಡೆಗೊಂದು ಕಿಂಡಿ ಮಾಡಿಸಲು ಹೇಳಿದರು. ಮಾಡಿಸಿದಳು. ತಿಂಗಳೊಳಗೆ ಪರವಾನಗಿ ಕೈಸೇರಿತು.

ಮೊದಲ ದಿನ ಬೆಳಿಗ್ಗೆ ಸಾವಂತ್ರೆವ್ವ ಒಂದು ಪುಟ್ಟಿ ಜೋಳ ತಂದಳು. "ರೇಣು ಹೆಂಗದಾಳ? ಗುರ್ತ ಹಿಡದಳೇನ?"

ಶೈಲಜಾ ಜೋಳ ಸುರಿಯುತ್ತ, "ಇಲ್ಲಕ್ಕಾ," ಎಂದಳು.

ಸಾವಂತ್ರೆವ್ವ ಏನೋ ಹೇಳಿದಳು, ಯಂತ್ರದ ಸಪ್ಪಳದಲ್ಲಿ ಕೇಳಿಸಲಿಲ್ಲ. ಆಮೇಲೆ ಹೊಸ್ತಿಲ ಹತ್ತಿರ ಗೋಡೆಗೆ ಒರಗಿ ಕೂತಳು. ಹಿಟ್ಟು ಬಿತ್ತು. ಶೈಲಜಾ ಚಿಟಿಕೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದಳು. ನುಣ್ಣಗೇ ಇತ್ತು. ಸಾವಂತ್ರೆವ್ವ ಪುಟ್ಟಿಗೆ ಕೈ ಚಾಚಿ ಏಳತೊಡಗಿದಳು.

"ಸಣ್ಣ ಆಗಿಲ್ಲಕ್ಕಾ, ಇನ್ನೊಮ್ಮೆ ಹಾಕತೇನಿ. ಕುಂದ್ರು," ಎಂದು ಮತ್ತೆ ಸುರಿದಳು.